ಲೋಹಕಣ ಮತ್ತು ಸಸ್ಯಸಾರ: ರೋಗಾಣು ನಿಗ್ರಹದಲ್ಲಿ ಒಂದು ಹೊಸ ಹೆಜ್ಜೆ

ತಾಮ್ರದ ಹಂಡೆಯಲ್ಲಿ ನೀರು ತುಂಬಿಡುವುದು, ಮಗುವಿಗೆ ಬೆಳ್ಳಿಯ ಬಟ್ಟಲಲ್ಲಿ ಹಾಲು ಕುಡಿಸುವುದು, ಗಾಯಕ್ಕೆ ಅರಸಿನ ಹಚ್ಚುವುದು, ಸಿಡುಬು ದಡಾರ ಬಂದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವುದು - ಇವು ಕನ್ನಡ ನಾಡಿನ ಮನೆಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಪದ್ಧತಿಗಳು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಮುಂಬಯಿ, ಪುಣೆ, ಮದರಾಸುಗಳಂತಹ ಮಹಾನಗರಗಳಿಗೆ ಬಂದ ಕುಟುಂಬಗಳು ತಮ್ಮ ಟ್ರಂಕುಗಳಲ್ಲಿ ತಾಮ್ರದ ತಂಬಿಗೆಯನ್ನೂ ನೆನಪಿನಲ್ಲಿ ಅಜ್ಜಿಯ ಕಷಾಯಗಳನ್ನೂ ಹೊತ್ತು ತಂದವು. ಲೋಹ ಮತ್ತು ಮೂಲಿಕೆ, ಇವೆರಡರಲ್ಲಿಯೂ ರೋಗವನ್ನು ತಡೆಯುವ ಏನೋ ಒಂದು ಶಕ್ತಿಯಿದೆ ಎಂಬ ನಂಬಿಕೆ ಇದರ ಹಿನ್ನೆಲೆಯಲ್ಲಿದೆ. ಈ ನಂಬಿಕೆಯಲ್ಲಿ ಸತ್ಯಾಂಶವೆಷ್ಟು? ಇವೆರಡನ್ನು ಕೂಡಿಸಿದರೆ ಫಲ ಹೆಚ್ಚುವುದೇ? ಈ ಪ್ರಶ್ನೆಗಳಿಗೆ ಇಂದಿನ ವಿಜ್ಞಾನ ಪ್ರಯೋಗಶಾಲೆಗಳಲ್ಲಿ ಉತ್ತರ ಹುಡುಕುತ್ತಿದೆ. ದೊರೆತಿರುವ ಉತ್ತರಗಳು ಆಸಕ್ತಿಕರವಾಗಿವೆ. ಕೆಲವೆಡೆ ಎಚ್ಚರಿಕೆಯನ್ನೂ ಕೊಡುತ್ತವೆ.

ಹೊಸ ಶೋಧಕ್ಕೆ ಕಾರಣ

1928ರಲ್ಲಿ ಲಂಡನ್ನಿನ ಅಲೆಗ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ನನ್ನು ಕಂಡುಹಿಡಿದುದು ವೈದ್ಯಶಾಸ್ತ್ರದ ಇತಿಹಾಸದಲ್ಲಿ ಒಂದು ಮಹಾಪರ್ವ. ಕೀವು ತುಂಬಿದ ಹುಣ್ಣು, ನ್ಯುಮೋನಿಯ, ಬಾಣಂತಿ ಜ್ವರ ಇವುಗಳಿಂದ ಸಾಯುತ್ತಿದ್ದ ಲಕ್ಷಾಂತರ ಜನ ಆಂಟಿಬಯಾಟಿಕ್ ಔಷಧಗಳಿಂದ ಬದುಕಿಕೊಂಡರು. ಆದರೆ 1945ರಲ್ಲಿ ನೊಬೆಲ್ ಪಾರಿತೋಷಕವನ್ನು ಸ್ವೀಕರಿಸಿ ಮಾಡಿದ ಭಾಷಣದಲ್ಲಿಯೇ ಫ್ಲೆಮಿಂಗ್, ಔಷಧವನ್ನು ಸಾಕಷ್ಟು ಪ್ರಮಾಣದಲ್ಲಿ ತೆಗೆದುಕೊಳ್ಳದಿದ್ದರೆ ರೋಗಾಣುಗಳು ಅದಕ್ಕೆ ಒಗ್ಗಿಹೋಗುವುವೆಂದು ಎಚ್ಚರಿಸಿದ್ದರು. ಆ ಮಾತು ನಿಜವಾಯಿತು. 2019ನೆಯ ಇಸವಿಯೊಂದರಲ್ಲಿಯೇ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಜನರ ಸಾವಿಗೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳೇ ನೇರ ಕಾರಣವೆಂದು 2022ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ.

ಹೊಸ ಆಂಟಿಬಯಾಟಿಕ್‌ಗಳನ್ನು ಕಂಡುಹಿಡಿಯುವ ಕಾರ್ಯವಾದರೋ ಬಹಳ ನಿಧಾನವಾಗಿ ಸಾಗಿದೆ. ಆಂಟಿಬಯಾಟಿಕ್ ಔಷಧವು ಸಾಮಾನ್ಯವಾಗಿ ರೋಗಾಣುವಿನ ಒಂದು ನಿರ್ದಿಷ್ಟ ಸ್ಥಾನದ ಮೇಲೆ ಆಘಾತ ಮಾಡುತ್ತದೆ. ಆ ಸ್ಥಾನವನ್ನು ತುಸು ಬದಲಾಯಿಸಿಕೊಂಡರೆ ರೋಗಾಣು ಪಾರಾಗಬಲ್ಲದು. ಏಕಕಾಲದಲ್ಲಿ ಹಲವು ಕಡೆಗಳಿಂದ ಹೊಡೆತ ಬಿದ್ದರೆ ಪಾರಾಗುವುದು ಕಷ್ಟ. ಲೋಹಗಳ ಕಡೆಗೆ ವಿಜ್ಞಾನಿಗಳ ದೃಷ್ಟಿ ಮರಳಿದುದು ಈ ಕಾರಣದಿಂದ.

ಲೋಹಗಳ ಗುಣ

ಸ್ವಿಟ್ಸರ್ಲೆಂಡಿನ ಸಸ್ಯಶಾಸ್ತ್ರಜ್ಞ ಕಾರ್ಲ್ ನೇಗೆಲಿ ಎಂಬಾತನು ಅತ್ಯಲ್ಪ ಪ್ರಮಾಣದ ತಾಮ್ರವು ನೀರಿನಲ್ಲಿ ಕರಗಿದ್ದರೂ ಪಾಚಿಯ ಜೀವಕೋಶಗಳು ಸಾಯುವುದನ್ನು ಗಮನಿಸಿದನು. ಆತನ ಮರಣಾನಂತರ 1893ರಲ್ಲಿ ಈ ಸಂಶೋಧನೆ ಪ್ರಕಟವಾಯಿತು. ಅದಕ್ಕೂ ಮೊದಲೇ, 1881ರಲ್ಲಿ, ಜರ್ಮನಿಯ ಲೈಪ್ಸಿಗ್ ನಗರದ ಪ್ರಸೂತಿ ತಜ್ಞ ಕಾರ್ಲ್ ಕ್ರೆಡೆ ಆಗ ತಾನೇ ಹುಟ್ಟಿದ ಶಿಶುಗಳ ಕಣ್ಣಿಗೆ ಸಿಲ್ವರ್ ನೈಟ್ರೇಟಿನ ದುರ್ಬಲ ದ್ರಾವಣವನ್ನು ಹನಿಸುವ ಕ್ರಮವನ್ನು ಲೋಕಕ್ಕೆ ತಿಳಿಸಿದನು. ತಾಯಿಯಿಂದ ತಗಲುವ ಸೋಂಕಿನಿಂದ ನೂರಕ್ಕೆ ಸುಮಾರು 10 ಶಿಶುಗಳಿಗೆ ಬರುತ್ತಿದ್ದ ಕಣ್ಣುಬೇನೆ ನೂರಕ್ಕೆ ಒಂದಕ್ಕೂ ಕೆಳಗಿಳಿಯಿತು. ಎಷ್ಟೋ ಮಕ್ಕಳು ಕುರುಡಾಗುವುದು ತಪ್ಪಿತು. 1968ರಲ್ಲಿ ಬೆಳ್ಳಿಯನ್ನು ಸಲ್ಫಾ ಔಷಧದೊಡನೆ ಕೂಡಿಸಿದ ಮುಲಾಮು ಸುಟ್ಟ ಗಾಯಗಳ ಚಿಕಿತ್ಸೆಗೆ ಬಂದಿತು.

ತಾಮ್ರದ ಬಿಂದಿಗೆಯ ವಿಷಯದಲ್ಲಿ ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪ್ರಯೋಗ ಉಲ್ಲೇಖನೀಯವಾಗಿದೆ. ಕಾಲರಾ, ಆಮಶಂಕೆ, ಟೈಫಾಯಿಡ್ ಮುಂತಾದ ರೋಗಗಳನ್ನು ತರುವ ಬ್ಯಾಕ್ಟೀರಿಯಾಗಳನ್ನು ನೀರಿಗೆ ಬೆರೆಸಿ, ಆ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆಗಳ ಕಾಲ ಇಡಲಾಯಿತು. ಬಳಿಕ ಪರೀಕ್ಷಿಸಿದಾಗ ಜೀವಂತ ರೋಗಾಣುಗಳು ಕಂಡುಬರಲಿಲ್ಲ. ನೀರಿಗೆ ಬಿಟ್ಟಿದ್ದ ತಾಮ್ರದ ಅಂಶ, ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ವಿಧಿಸಿರುವ ಮಿತಿಯಾದ ಲೀಟರಿಗೆ 2 ಮಿಲಿಗ್ರಾಮಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಮೆಯಾಗಿತ್ತು. ಹಿರಿಯರ ರೂಢಿಗೆ ಪ್ರಯೋಗದ ಸಮರ್ಥನೆ ದೊರೆತಂತಾಯಿತು. ಆದರೆ 16 ಗಂಟೆ ಎಂಬ ಅವಧಿಯನ್ನು ಮರೆಯಬಾರದು. ಆಗ ತಾನೇ ತುಂಬಿದ ತಂಬಿಗೆಯ ನೀರಿಗೆ ಈ ಗುಣ ಬರುವುದಿಲ್ಲ.

ಅತಿಸೂಕ್ಷ್ಮ ಕಣ ಎಂದರೇನು?

ಒಂದು ಮೀಟರಿನ ನೂರು ಕೋಟಿಯಲ್ಲೊಂದು ಪಾಲಿಗೆ ನ್ಯಾನೊಮೀಟರ್ ಎಂದು ಹೆಸರು. ಮನುಷ್ಯನ ತಲೆಗೂದಲಿನ ದಪ್ಪ 80 ಸಾವಿರದಿಂದ ಒಂದು ಲಕ್ಷ ನ್ಯಾನೊಮೀಟರಿನಷ್ಟು. ಸಾಧಾರಣ ಬ್ಯಾಕ್ಟೀರಿಯಾ ಒಂದು ಸಾವಿರ ನ್ಯಾನೊಮೀಟರಿನಷ್ಟು. ಒಂದರಿಂದ ನೂರು ನ್ಯಾನೊಮೀಟರ್ ಗಾತ್ರದ ಕಣಗಳನ್ನು ನ್ಯಾನೊಕಣಗಳೆನ್ನುತ್ತಾರೆ. ರೋಗಾಣು ಒಂದು ಕುಂಬಳಕಾಯಿಯಷ್ಟಿದ್ದರೆ ಲೋಹದ ಈ ಕಣ ಒಂದು ಸಾಸಿವೆಕಾಳಿನಷ್ಟಿರುತ್ತದೆ ಎಂದು ಭಾವಿಸಬಹುದು.

ಗಾತ್ರ ಕುಗ್ಗಿದಂತೆ ಲೋಹದ ಸ್ವಭಾವ ಬದಲಾಗುತ್ತದೆ. ಇದಕ್ಕೆ ಮುಖ್ಯ ಕಾರಣ ಮೇಲ್ಮೈ. ಪ್ರತಿ ಬದಿಯೂ ಒಂದು ಸೆಂಟಿಮೀಟರ್ ಇರುವ ಬೆಳ್ಳಿಯ ತುಂಡೊಂದನ್ನು ತೆಗೆದುಕೊಳ್ಳೋಣ. ಅದರ ತೂಕ ಒಂದು ತೊಲಕ್ಕೂ ತುಸು ಕಡಮೆ. ಆರು ಮುಖಗಳ ಒಟ್ಟು ಮೇಲ್ಮೈ ಕೇವಲ 6 ಚದರ ಸೆಂಟಿಮೀಟರ್. ಅದೇ ತುಂಡನ್ನು 10 ನ್ಯಾನೊಮೀಟರ್ ಬದಿಯ ಕಣಗಳಾಗಿ ವಿಭಜಿಸಿದರೆ ಒಟ್ಟು ಮೇಲ್ಮೈ 600 ಚದರ ಮೀಟರಿಗೇರುತ್ತದೆ. ಮುಂಬಯಿಯ 300 ಚದರ ಅಡಿಯ ಇಪ್ಪತ್ತು ಮನೆಗಳ ನೆಲವನ್ನು ಕೂಡಿಸಿದರೂ ಅಷ್ಟಾಗಲಾರದು. ರೋಗಾಣುವಿನೊಡನೆ ಸಂಪರ್ಕಕ್ಕೆ ಬರುವುದು ಲೋಹದ ಮೇಲ್ಮೈಯೇ ಆದುದರಿಂದ, ಅಲ್ಪ ಲೋಹದಿಂದ ಅಧಿಕ ಕಾರ್ಯ ಸಾಧ್ಯವಾಗುತ್ತದೆ.

ಬಣ್ಣವೂ ಬದಲಾಗುತ್ತದೆ. 1857ರಲ್ಲಿ ಮೈಕೇಲ್ ಫ್ಯಾರಡೆ ಚಿನ್ನದ ಅತಿಸೂಕ್ಷ್ಮ ಕಣಗಳು ತೇಲುವ ದ್ರವವನ್ನು ತಯಾರಿಸಿದಾಗ ಅದು ಹಳದಿಯಾಗಿರದೆ ಮಾಣಿಕ್ಯದಂತೆ ಕೆಂಪಾಗಿತ್ತು. ಬೆಳ್ಳಿಯ ಇಂತಹ ದ್ರವ ಹಳದಿ ಮಿಶ್ರಿತ ಕಂದುಬಣ್ಣ ತಾಳುತ್ತದೆ.

ಎಲೆಯ ಕಷಾಯದಲ್ಲಿ ಬೆಳ್ಳಿಯ ಕಣ

ಇಂತಹ ಕಣಗಳನ್ನು ರಾಸಾಯನಿಕ ವಿಧಾನದಿಂದ ತಯಾರಿಸಲು ಅನೇಕ ವೇಳೆ ತೀಕ್ಷ್ಣವಾದ, ವಿಷಕರವಾದ ವಸ್ತುಗಳು ಬೇಕಾಗುತ್ತಿದ್ದವು. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಡಾ. ಮುರಳಿ ಶಾಸ್ತ್ರಿ ಮತ್ತು ಅವರ ಸಹೋದ್ಯೋಗಿಗಳು ಇದಕ್ಕೊಂದು ಸರಳ ಮಾರ್ಗವನ್ನು ತೋರಿಸಿದರು. 2003ರಲ್ಲಿ ಜೆರೇನಿಯಂ ಎಲೆಯ ಕಷಾಯದಿಂದ ಬೆಳ್ಳಿಯ ಕಣಗಳನ್ನೂ, 2004ರಲ್ಲಿ ಬೇವಿನ ಎಲೆಯ ಕಷಾಯದಿಂದ ಬೆಳ್ಳಿ ಮತ್ತು ಚಿನ್ನದ ಕಣಗಳನ್ನೂ ಅವರು ಪಡೆದರು. ಮರಾಠಿಗರು ಗವತಿ ಚಹಾ ಎಂದು ಕರೆಯುವ ಮಜ್ಜಿಗೆ ಹುಲ್ಲಿನ ಸಾರದಲ್ಲಿ ಚಿನ್ನವು ತ್ರಿಕೋನಾಕಾರದ ತೆಳುವಾದ ಕಣಗಳಾಗಿ ರೂಪುಗೊಂಡಿತು. ಅಮೆರಿಕೆಯ ಟೆಕ್ಸಾಸಿನಲ್ಲಿ ಕುದುರೆಮೆಂತ್ಯದ ಸಸಿಗಳ ಮೇಲೆ ಇದೇ ಬಗೆಯ ಪ್ರಯೋಗಗಳು ಸ್ವಲ್ಪ ಮುಂಚೆ ನಡೆದಿದ್ದವು.

ಕ್ರಮ ಹೀಗಿದೆ. ತೊಳೆದ ಎಲೆಯನ್ನು ಶುದ್ಧ ನೀರಿನಲ್ಲಿ ಕುದಿಸಿ ಸೋಸಿದ ತಿಳಿಯನ್ನು ಸಿಲ್ವರ್ ನೈಟ್ರೇಟಿನ ದ್ರಾವಣಕ್ಕೆ ಸೇರಿಸಲಾಗುತ್ತದೆ. ಬೆಳ್ಳಿ ಆ ದ್ರಾವಣದಲ್ಲಿ ಲೋಹದ ರೂಪದಲ್ಲಿರದೆ ಧನ ವಿದ್ಯುದಂಶವುಳ್ಳ ಅಯಾನುಗಳ ರೂಪದಲ್ಲಿರುತ್ತದೆ. ಕಷಾಯದಲ್ಲಿರುವ ಪಾಲಿಫಿನಾಲ್, ಫ್ಲೇವನಾಯಿಡ್, ಟರ್ಪಿನಾಯಿಡ್ ಮೊದಲಾದ ವಸ್ತುಗಳು ತಮ್ಮಲ್ಲಿರುವ ಎಲೆಕ್ಟ್ರಾನುಗಳನ್ನು ಕೊಟ್ಟು ಅಯಾನನ್ನು ಲೋಹವಾಗಿ ಪರಿವರ್ತಿಸುತ್ತವೆ. ಲೋಹದ ಪರಮಾಣುಗಳು ಒಂದಕ್ಕೊಂದು ಕೂಡಿಕೊಂಡು ಕಣವಾಗುತ್ತವೆ. ಕಣ ಬೆಳೆದು ಗಡ್ಡೆಯಾಗದಂತೆ ಅದೇ ಸಸ್ಯವಸ್ತುಗಳು ಅದರ ಸುತ್ತ ಹೊದಿಕೆಯಾಗಿ ನಿಲ್ಲುತ್ತವೆ. ಕೆಲವೇ ಗಂಟೆಗಳಲ್ಲಿ ದ್ರವದ ಬಣ್ಣ ಕಂದಾಗುವುದರಿಂದ ಕಣಗಳ ಜನನ ಬರಿಗಣ್ಣಿಗೇ ತಿಳಿಯುತ್ತದೆ. ಹೀಗೆ ಸಸ್ಯಸಾರವು ಕಣವನ್ನು ನಿರ್ಮಿಸುವ ಕೆಲಸವನ್ನೂ ಕಾಯುವ ಕೆಲಸವನ್ನೂ ಒಟ್ಟಿಗೇ ನಿರ್ವಹಿಸುತ್ತದೆ.

ಅನಂತರದ ವರ್ಷಗಳಲ್ಲಿ ತುಳಸಿ, ಅರಸಿನ, ನೆಲ್ಲಿ, ನುಗ್ಗೆ, ಲೋಳೆಸರ, ದಾಳಿಂಬೆ ಮುಂತಾದ ಅಸಂಖ್ಯ ಸಸ್ಯಗಳಿಂದ ಬೆಳ್ಳಿ, ತಾಮ್ರ, ಸತುವಿನ ಆಕ್ಸೈಡ್ ಇವುಗಳ ಕಣಗಳನ್ನು ತಯಾರಿಸಿ ಪರೀಕ್ಷಿಸಲಾಗಿದೆ. ಭಾರತದ ವಿಶ್ವವಿದ್ಯಾನಿಲಯಗಳು ಈ ಕ್ಷೇತ್ರದಲ್ಲಿ ವಿಶೇಷವಾಗಿ ದುಡಿದಿವೆ.

ರೋಗಾಣು ಸಾಯುವ ಬಗೆ

ಬೆಳ್ಳಿಯ ಕಣ ತೇವ ಮತ್ತು ಆಮ್ಲಜನಕದ ಸಂಪರ್ಕದಲ್ಲಿ ಸ್ವಲ್ಪಸ್ವಲ್ಪವಾಗಿ ಅಯಾನುಗಳನ್ನು ಹೊರಬಿಡುತ್ತದೆ. ರೋಗಾಣುವಿನ ಮೇಲೆ ಮುಖ್ಯವಾಗಿ ಎರಗುವುದು ಈ ಅಯಾನುಗಳೇ. 2012ರಲ್ಲಿ ಅಮೆರಿಕೆಯ ರೈಸ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಆಮ್ಲಜನಕವಿಲ್ಲದ ವಾತಾವರಣದಲ್ಲಿ ಪ್ರಯೋಗ ನಡೆಸಿದಾಗ, ಅಯಾನು ಬಿಡಲಾರದ ಬೆಳ್ಳಿಯ ಕಣಗಳು ಬ್ಯಾಕ್ಟೀರಿಯಾಗಳನ್ನು ಕೊಲ್ಲಲಿಲ್ಲ. ಕಣವೆಂಬುದು ಒಂದು ಉಗ್ರಾಣ. ಅದರಿಂದ ಹೊರಡುವ ಅಯಾನು ಬಾಣ ಎಂದು ಇದನ್ನು ವಿವರಿಸಬಹುದು. ಉಗ್ರಾಣವೇ ರೋಗಾಣುವಿನ ಗೋಡೆಗೆ ಅಂಟಿಕೊಂಡು ಕುಳಿತರೆ ಬಾಣ ಗುರಿ ತಪ್ಪುವುದು ಕಡಮೆ.

ಒಳಹೊಕ್ಕ ಅಯಾನು ಗಂಧಕವುಳ್ಳ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ. ಉಸಿರಾಟದ ಕಿಣ್ವಗಳು ಕೆಲಸ ನಿಲ್ಲಿಸುತ್ತವೆ, ಕೋಶಪೊರೆ ಸೋರತೊಡಗುತ್ತದೆ, ತೀಕ್ಷ್ಣವಾದ ಆಮ್ಲಜನಕ ಸಂಯುಕ್ತಗಳು ಹುಟ್ಟಿ ಒಳಗಿನ ಅಂಗಗಳನ್ನು ಕೆಡಿಸುತ್ತವೆ, ವಂಶವಾಹಿ ದ್ರವ್ಯಕ್ಕೂ ಹಾನಿ ತಗಲುತ್ತದೆ. ಹೀಗೆ ನಾಲ್ಕೂ ದಿಕ್ಕಿನಿಂದ ಆಘಾತವಾಗುತ್ತದೆ.

ಸಸ್ಯಸಾರ ಇಲ್ಲಿ ಏನು ಮಾಡಬಲ್ಲದು? 1884ರಲ್ಲಿ ಡೆನ್ಮಾರ್ಕಿನ ಗ್ರಾಮ್ ಎಂಬ ವೈದ್ಯನು ಬಣ್ಣ ಹಿಡಿಯುವ ಗುಣದಿಂದ ಬ್ಯಾಕ್ಟೀರಿಯಾಗಳನ್ನು ಎರಡು ಪಂಗಡಗಳಾಗಿ ವಿಂಗಡಿಸಿದನು. ಗ್ರಾಮ್ ಧನ ಪಂಗಡಕ್ಕೆ ದಪ್ಪನೆಯ ಗೋಡೆಯಿದೆ. ಗ್ರಾಮ್ ಋಣ ಪಂಗಡದ ಗೋಡೆ ತೆಳು, ಆದರೆ ಅದರ ಹೊರಗೆ ಕೊಬ್ಬಿನ ಅಂಶವುಳ್ಳ ಇನ್ನೊಂದು ಪೊರೆಯಿದೆ. ಈ ಹೊರಪೊರೆ ಅನೇಕ ಸಸ್ಯವಸ್ತುಗಳನ್ನು ಒಳಗೆ ಬಿಡುವುದಿಲ್ಲ. ಆದುದರಿಂದ ಕಷಾಯಗಳು ಸಾಮಾನ್ಯವಾಗಿ ಗ್ರಾಮ್ ಧನ ರೋಗಾಣುಗಳ ಮೇಲೆ ಹೆಚ್ಚು ಪರಿಣಾಮಕಾರಿ. ಬೆಳ್ಳಿಯ ಕಣಗಳಾದರೋ ಹಲವು ಪ್ರಯೋಗಗಳಲ್ಲಿ ತೆಳುಗೋಡೆಯ ಗ್ರಾಮ್ ಋಣ ರೋಗಾಣುಗಳ ಮೇಲೆಯೇ ಹೆಚ್ಚು ಪ್ರಭಾವ ತೋರಿವೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಬೆಳ್ಳಿ ಹೊರಪೊರೆಯಲ್ಲಿ ಬಿರುಕು ಮಾಡಿದರೆ ಸಸ್ಯವಸ್ತು ಆ ದಾರಿಯಾಗಿ ಒಳಗೆ ನುಗ್ಗಬಹುದು. ಇವುಗಳ ಜೋಡಿಯ ಮೇಲೆ ವಿಜ್ಞಾನಿಗಳು ಭರವಸೆ ಇಟ್ಟಿರುವುದು ಇದರಿಂದಲೇ.

ಒಂದಕ್ಕೊಂದು ಸೇರಿದರೆ ಎರಡೋ, ಮೂರೋ?

ಭರವಸೆ ಬೇರೆ, ಪ್ರಮಾಣ ಬೇರೆ. ಜೋಡಿಯ ಫಲವನ್ನು ಅಳೆಯಲು ಒಂದು ಕ್ರಮವಿದೆ. ರೋಗಾಣುವಿನ ಬೆಳವಣಿಗೆಯನ್ನು ತಡೆಯಲು ಬೇಕಾಗುವ ಅತ್ಯಂತ ಕಡಮೆ ಪ್ರಮಾಣವನ್ನು ಪ್ರತಿಯೊಂದು ವಸ್ತುವಿಗೂ ಮೊದಲು ಬೇರೆಬೇರೆಯಾಗಿ ಕಂಡುಹಿಡಿಯಲಾಗುತ್ತದೆ. ಬಳಿಕ ಚದುರಂಗದ ಮಣೆಯಂತೆ ಸಾಲುಸಾಲಾದ ಪುಟ್ಟ ಗುಳಿಗಳಲ್ಲಿ ಎರಡನ್ನೂ ನಾನಾ ಪ್ರಮಾಣಗಳಲ್ಲಿ ಬೆರೆಸಿ ನೋಡಲಾಗುತ್ತದೆ.

ಉದಾಹರಣೆಗಾಗಿ, ಬೆಳ್ಳಿಯೊಂದೇ ಆದರೆ 8 ಅಳತೆ, ಕಷಾಯವೊಂದೇ ಆದರೆ 64 ಅಳತೆ ಬೇಕೆಂದು ಇಟ್ಟುಕೊಳ್ಳೋಣ. ಎರಡೂ ಕೂಡಿದಾಗ 2 ಅಳತೆ ಬೆಳ್ಳಿ ಮತ್ತು 8 ಅಳತೆ ಕಷಾಯ ಸಾಕಾದರೆ, ಬೆಳ್ಳಿ ತನ್ನ ಪಾಲಿನ ಕಾಲಂಶ, ಕಷಾಯ ತನ್ನ ಪಾಲಿನ ಎಂಟನೆಯ ಒಂದಂಶ ಬಳಕೆಯಾದಂತಾಯಿತು. ಇವೆರಡರ ಮೊತ್ತ 0.375. ಈ ಮೊತ್ತ 0.5 ಅಥವಾ ಅದಕ್ಕಿಂತ ಕಡಮೆಯಿದ್ದರೆ ಮಾತ್ರ ಎರಡೂ ಪರಸ್ಪರ ಸಹಕರಿಸುತ್ತಿವೆಯೆಂದು ಒಪ್ಪಲಾಗುತ್ತದೆ. ಒಂದರ ಸುತ್ತಮುತ್ತ ಇದ್ದರೆ ಜೋಡಿಯಿಂದ ವಿಶೇಷ ಲಾಭವಿಲ್ಲ. ನಾಲ್ಕನ್ನು ಮೀರಿದರೆ ಒಂದು ಇನ್ನೊಂದರ ಕಾಲೆಳೆಯುತ್ತಿದೆಯೆಂದು ಅರ್ಥ. ಹಾಗೂ ಆಗುವುದುಂಟು, ಏಕೆಂದರೆ ಸಸ್ಯವಸ್ತುಗಳು ಬೆಳ್ಳಿಯ ಅಯಾನನ್ನು ಗಟ್ಟಿಯಾಗಿ ಹಿಡಿದುಕೊಂಡು ಅದನ್ನು ನಿಷ್ಕ್ರಿಯಗೊಳಿಸಬಲ್ಲವು.

ಪ್ರಕಟವಾಗುವ ಲೇಖನಗಳೆಲ್ಲವೂ ಈ ಕಠಿಣ ಪರೀಕ್ಷೆಗೆ ಒಳಗಾಗಿರುವುದಿಲ್ಲ. ಅನೇಕರು ಗಾಜಿನ ತಟ್ಟೆಯಲ್ಲಿ ರೋಗಾಣು ಬೆಳೆಸಿ, ಔಷಧದ ಸುತ್ತ ಎಷ್ಟು ಅಗಲದ ಬಯಲು ಉಂಟಾಯಿತೆಂದು ಅಳೆದು ತೃಪ್ತರಾಗುತ್ತಾರೆ. ಕಣವಾಗದೆ ಉಳಿದ ಸಿಲ್ವರ್ ನೈಟ್ರೇಟ್ ದ್ರವದಲ್ಲಿದ್ದರೆ ಅದೂ ರೋಗಾಣುವನ್ನು ಕೊಲ್ಲುತ್ತದೆ. ಅದನ್ನು ತೊಳೆದು ಬೇರ್ಪಡಿಸದಿದ್ದರೆ ಕೀರ್ತಿ ಯಾರಿಗೆ ಸಲ್ಲಬೇಕೆಂಬುದು ತಿಳಿಯದು. ಕಷಾಯದ ಗುಣವೂ ಮಣ್ಣು, ಋತು, ಎಲೆಯ ಪ್ರಾಯ ಇವುಗಳಿಗನುಸಾರ ಬದಲಾಗುತ್ತದೆ. ಆಷಾಢದ ಬೇವೂ ಚೈತ್ರದ ಬೇವೂ ಒಂದೇ ಅಲ್ಲ.

ದಾಳಿಂಬೆ ಸಿಪ್ಪೆಯ ವೃತ್ತಾಂತ

ಇಂತಹ ಜೋಡಿಯ ಮಹತ್ವವನ್ನು ಸ್ಪಷ್ಟವಾಗಿ ತೋರಿಸಿದ ಪ್ರಯೋಗವೊಂದು 2018ರಲ್ಲಿ ‘ನೇಚರ್ ನ್ಯಾನೊಟೆಕ್ನಾಲಜಿ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಬೆಳ್ಳಿ ಹಲವು ಕಡೆ ಹೊಡೆಯುವುದರಿಂದ ರೋಗಾಣುಗಳು ಅದಕ್ಕೆ ಒಗ್ಗಿಕೊಳ್ಳಲಾರವು ಎಂಬ ಭಾವನೆ ಬಹಳ ಕಾಲದಿಂದ ಇದ್ದಿತು. ಇದು ಪೂರ್ಣ ಸತ್ಯವಲ್ಲವೆಂಬ ಸೂಚನೆ 1975ರಲ್ಲಿಯೇ ದೊರೆತಿತ್ತು. ಅಮೆರಿಕೆಯ ಆಸ್ಪತ್ರೆಯೊಂದರ ಸುಟ್ಟ ಗಾಯಗಳ ವಿಭಾಗದಲ್ಲಿ ಬೆಳ್ಳಿಗೆ ಬಗ್ಗದ ಸಾಲ್ಮೊನೆಲ್ಲಾ ರೋಗಾಣು ಆಗ ಕಂಡುಬಂದಿತ್ತು.

ಚೆಕ್ ದೇಶದ ಓಲೊಮೊವುಟ್ಸ್ ನಗರದ ಪಲಾಟ್ಸ್ಕಿ ವಿಶ್ವವಿದ್ಯಾನಿಲಯದ ಸಂಶೋಧಕರು ಇ. ಕೋಲೈ ಮತ್ತು ಸ್ಯೂಡೊಮೊನಾಸ್ ಎಂಬ ಎರಡು ಗ್ರಾಮ್ ಋಣ ರೋಗಾಣುಗಳನ್ನು ಅಲ್ಪ ಪ್ರಮಾಣದ ಬೆಳ್ಳಿಕಣಗಳೊಡನೆ ಮತ್ತೆ ಮತ್ತೆ ಬೆಳೆಸಿದರು. ಕೆಲವು ಸುತ್ತುಗಳಾದ ಮೇಲೆ ರೋಗಾಣುಗಳು ಬೆಳ್ಳಿಗೆ ಜಗ್ಗದಾದವು. ಆಶ್ಚರ್ಯವೆಂದರೆ ಅವುಗಳ ವಂಶವಾಹಿಗಳಲ್ಲಿ ಯಾವ ಬದಲಾವಣೆಯೂ ಆಗಿರಲಿಲ್ಲ. ಬ್ಯಾಕ್ಟೀರಿಯಾ ಈಜಲು ಬಳಸುವ ಬಾಲದಂತಹ ಕಶಾಂಗವು ಫ್ಲಾಜೆಲಿನ್ ಎಂಬ ಪ್ರೋಟೀನಿನಿಂದ ಆದುದು. ರೋಗಾಣುಗಳು ಈ ಪ್ರೋಟೀನನ್ನು ಹೇರಳವಾಗಿ ಉತ್ಪಾದಿಸಿ ಹೊರಚೆಲ್ಲುತ್ತಿದ್ದವು. ಅದು ಅಂಟಿನಂತೆ ಬೆಳ್ಳಿಯ ಕಣಗಳನ್ನು ಒಂದಕ್ಕೊಂದು ಕೂಡಿಸಿ ಗಡ್ಡೆ ಕಟ್ಟಿಸುತ್ತಿತ್ತು. ಗಡ್ಡೆಯಾದ ಮೇಲೆ ಮೇಲ್ಮೈ ಕುಗ್ಗಿ ಕಣಗಳ ಶಕ್ತಿ ಉಡುಗುತ್ತಿತ್ತು. ಕಣಗಳು ಗಡ್ಡೆಯಾಗದಂತೆ ಹೊರಗಿನಿಂದ ರಾಸಾಯನಿಕಗಳನ್ನು ಸೇರಿಸಿ ನೋಡಿದರೂ ಪ್ರಯೋಜನವಾಗಲಿಲ್ಲ.

ಆಗ ನೆರವಿಗೆ ಬಂದುದು ದಾಳಿಂಬೆ ಸಿಪ್ಪೆಯ ಸಾರ. ಆ ಸಾರವು ಫ್ಲಾಜೆಲಿನ್ನಿನ ಉತ್ಪಾದನೆಯನ್ನೇ ತಗ್ಗಿಸಿತು. ಅಂಟು ಇಲ್ಲವಾದೊಡನೆ ಬೆಳ್ಳಿಯ ಕಣಗಳು ಬಿಡಿಬಿಡಿಯಾಗಿ ಉಳಿದು, ರೋಗಾಣುಗಳ ಪ್ರತಿರೋಧ ಬಹುಮಟ್ಟಿಗೆ ಅಡಗಿತು. ಇಲ್ಲಿ ಸಸ್ಯಸಾರವು ರೋಗಾಣುವಿನ ಗುರಾಣಿಯನ್ನು ಕಸಿದುಕೊಂಡಿತು. ಹೊಡೆತವನ್ನು ಬೆಳ್ಳಿ ಕೊಟ್ಟಿತು. ಜೋಡಿಯ ಸಾರ್ಥಕತೆಯೆಂದರೆ ಇದು. ಮಲೆನಾಡು ಕರಾವಳಿಗಳ ಗೃಹಿಣಿಯರು ಹೊಟ್ಟೆ ಕೆಟ್ಟಾಗ ದಾಳಿಂಬೆ ಸಿಪ್ಪೆಯ ತಂಬುಳಿ ಮಾಡಿ ಬಡಿಸುವುದು ಓದುಗರಿಗೆ ತಿಳಿದದ್ದೇ. ಆದರೆ ಪ್ರಯೋಗ ನಡೆದುದು ಗಾಜಿನ ನಳಿಕೆಯಲ್ಲಿ, ಮನುಷ್ಯನ ಜಠರದಲ್ಲಿ ಅಲ್ಲ. ತಂಬುಳಿಯನ್ನು ಬೆಳ್ಳಿಯ ಬಟ್ಟಲಲ್ಲಿ ಉಂಡ ಮಾತ್ರಕ್ಕೆ ಅದೇ ಫಲ ಬರುವುದೆಂದು ಭಾವಿಸಲಾಗದು.

ಬಳಕೆ ಎಲ್ಲಿಯವರೆಗೆ ಬಂದಿದೆ?

ಅತಿಸೂಕ್ಷ್ಮ ಬೆಳ್ಳಿಯನ್ನು ಲೇಪಿಸಿದ ಗಾಯದ ಪಟ್ಟಿಗಳು 1990ರ ದಶಕದಿಂದ ಆಸ್ಪತ್ರೆಗಳಲ್ಲಿವೆ. 2009ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ‘ಟಾಟಾ ಸ್ವಚ್ಛ್’ ಎಂಬ ಅಗ್ಗದ ನೀರಿನ ಶೋಧಕದಲ್ಲಿ ಭತ್ತದ ಹೊಟ್ಟಿನ ಬೂದಿಗೆ ಬೆಳ್ಳಿಯ ಕಣಗಳನ್ನು ಕೂರಿಸಲಾಗಿತ್ತು. ಅದಕ್ಕೆ ವಿದ್ಯುತ್ತು ಬೇಕಿರಲಿಲ್ಲ. ಸಸ್ಯಸಾರದಿಂದ ತಯಾರಾದ ಕಣಗಳನ್ನು ಗಾಯದ ಬಟ್ಟೆ, ಹಲ್ಲಿನ ಚಿಕಿತ್ಸೆಯ ಸಾಮಗ್ರಿ, ಹಣ್ಣು ತರಕಾರಿಗಳ ಹೊದಿಕೆ ಇವುಗಳಲ್ಲಿ ಬಳಸುವ ಪ್ರಯತ್ನಗಳು ನಡೆದಿವೆ. ಇವೆಲ್ಲ ಮೈಯ ಹೊರಗಿನ ಬಳಕೆಗಳು. ಆಂಟಿಬಯಾಟಿಕ್ ಗುಳಿಗೆಗೆ ಬದಲಾಗಿ ನುಂಗಬಹುದಾದ ಔಷಧ ಇದರಿಂದ ಇನ್ನೂ ಸಿದ್ಧವಾಗಿಲ್ಲ.

ಎಚ್ಚರಿಕೆಯ ಮಾತು

ರೋಗಾಣುವಿನ ಪ್ರೋಟೀನಿಗೆ ಅಂಟುವ ಬೆಳ್ಳಿ ಮನುಷ್ಯನ ಪ್ರೋಟೀನಿಗೂ ಅಂಟುತ್ತದೆ. ಬೆಳ್ಳಿಯನ್ನು ಬಹುಕಾಲ ಸೇವಿಸಿದವರ ಚರ್ಮ ನೀಲಿ ಮಿಶ್ರಿತ ಬೂದುಬಣ್ಣಕ್ಕೆ ತಿರುಗುತ್ತದೆ. ಆರ್ಜೀರಿಯಾ ಎಂಬ ಹೆಸರಿನ ಈ ಬಣ್ಣ ಸಾಮಾನ್ಯವಾಗಿ ಮರಳಿ ಹೋಗುವುದಿಲ್ಲ. ‘ಕೊಲಾಯ್ಡಲ್ ಸಿಲ್ವರ್’ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಔಷಧಗಳು ಸುರಕ್ಷಿತವೆಂದಾಗಲಿ ಪರಿಣಾಮಕಾರಿಯೆಂದಾಗಲಿ ಒಪ್ಪಲಾಗದೆಂದು ಅಮೆರಿಕೆಯ ಔಷಧ ನಿಯಂತ್ರಣ ಇಲಾಖೆ 1999ರಲ್ಲಿ ಘೋಷಿಸಿತು. ಇಂತಹ ದ್ರವಗಳು ಕೆಲವು ಆಂಟಿಬಯಾಟಿಕ್‌ಗಳನ್ನೂ ಥೈರಾಯ್ಡ್ ಔಷಧವನ್ನೂ ದೇಹ ಹೀರಿಕೊಳ್ಳದಂತೆ ತಡೆಯಬಲ್ಲವು. ಸಸ್ಯಮೂಲವೆಂದು ಹೇಳಿದ ಮಾತ್ರಕ್ಕೆ ಕಣದೊಳಗಿನ ಲೋಹ ಸಸ್ಯವಾಗುವುದಿಲ್ಲ ಎಂಬುದನ್ನು ನೆನಪಿಡಬೇಕು.

ಪರಿಸರದ ಪ್ರಶ್ನೆಯೂ ಇದೆ. ಬೆಳ್ಳಿ ಲೇಪಿಸಿದ ಕಾಲುಚೀಲಗಳನ್ನು ಒಗೆದಾಗ ಬೆಳ್ಳಿ ನೀರಿನೊಡನೆ ಹೋಗುತ್ತದೆಂದು 2008ರಲ್ಲಿ ಅಮೆರಿಕೆಯ ಸಂಶೋಧಕರು ತೋರಿಸಿದರು. ನಗರದ ಕೊಳೆನೀರನ್ನು ಶುದ್ಧಗೊಳಿಸುವುದು ಉಪಕಾರಿ ಬ್ಯಾಕ್ಟೀರಿಯಾಗಳೇ ಆಗಿರುವುದರಿಂದ, ಬೇಕಾಬಿಟ್ಟಿ ಬಳಕೆ ಅವುಗಳಿಗೂ ಕುತ್ತಾಗಬಹುದು. ಬೆಳ್ಳಿಯನ್ನು ಎಲ್ಲೆಡೆ ಚೆಲ್ಲಿದರೆ ಆಂಟಿಬಯಾಟಿಕ್‌ಗೆ ಒದಗಿದ ಗತಿಯೇ ಬೆಳ್ಳಿಗೂ ಒದಗೀತು.

ಗೃಹಸ್ಥರು ಗಮನಿಸಬೇಕಾದ ಅಂಶಗಳು

1. ತಾಮ್ರದ ಬಿಂದಿಗೆಯನ್ನು ಬಳಸುವವರು ಸಂಜೆ ತುಂಬಿಟ್ಟ ನೀರನ್ನು ಮರುದಿನ ಬಳಸುವುದು ಮೇಲು. ಪಾತ್ರೆಯ ಒಳಭಾಗವನ್ನು ಹುಣಸೆಹಣ್ಣಿನಿಂದ ತಿಕ್ಕಿ ಚೆನ್ನಾಗಿ ತೊಳೆಯಬೇಕು. ಮಳೆಗಾಲದಲ್ಲಿ, ಅಥವಾ ಕಟ್ಟಡದ ಟಾಕಿಯ ನೀರಿನ ಬಗ್ಗೆ ಸಂದೇಹವಿದ್ದಾಗ, ನೀರನ್ನು ಕುದಿಸಿಯೇ ಕುಡಿಯಬೇಕು. ನೀರಿನಲ್ಲಿ ಕರಗಿದ ರಾಸಾಯನಿಕ ಕಲ್ಮಷಗಳನ್ನು ತಾಮ್ರವು ತೆಗೆಯಲಾರದು.

2. ಮಜ್ಜಿಗೆ, ನಿಂಬೆರಸ, ಹುಳಿ, ಸಾರು ಇವುಗಳನ್ನು ಕಲಾಯಿಯಿಲ್ಲದ ತಾಮ್ರ ಹಿತ್ತಾಳೆಗಳಲ್ಲಿ ಇಡಲಾಗದು. ಹುಳಿಯಲ್ಲಿ ತಾಮ್ರ ಅಧಿಕವಾಗಿ ಕರಗಿ ವಾಂತಿ, ಹೊಟ್ಟೆನೋವು ಬರುತ್ತವೆ. ದೇಹದಲ್ಲಿ ತಾಮ್ರ ಸಂಗ್ರಹವಾಗುವ ವಿಲ್ಸನ್ ರೋಗವುಳ್ಳವರು ತಾಮ್ರದ ಪಾತ್ರೆಯ ನೀರನ್ನು ವರ್ಜಿಸಬೇಕು.

3. ‘ನ್ಯಾನೊ ಬೆಳ್ಳಿ’, ‘ಮೂಲಿಕೆಯ ಬೆಳ್ಳಿ’ ಎಂಬ ಹೆಸರಿನ ಟಾನಿಕ್ಕುಗಳನ್ನು ಜಾಹೀರಾತು ನಂಬಿ ಕುಡಿಯಲಾಗದು. ಮನೆಯಲ್ಲಿ ಅದನ್ನು ತಯಾರಿಸುವ ಪ್ರಯತ್ನವನ್ನಂತೂ ಮಾಡಲೇಬಾರದು.

4. ಸಣ್ಣಪುಟ್ಟ ಗೀರುಗಾಯವನ್ನು ಸೋಪು ನೀರಿನಿಂದ ತೊಳೆಯುವುದೇ ಮೊದಲ ಚಿಕಿತ್ಸೆ. ಆಳವಾದ ಗಾಯ, ಸುಟ್ಟ ಗಾಯ, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು ಇವನ್ನು ವೈದ್ಯರಿಗೇ ತೋರಿಸಬೇಕು.

5. ನೆಗಡಿ, ಸಾಮಾನ್ಯ ವೈರಸ್ ಜ್ವರಗಳಿಗೆ ಆಂಟಿಬಯಾಟಿಕ್ ನಾಟುವುದಿಲ್ಲ. ವೈದ್ಯರ ಚೀಟಿಯಿಲ್ಲದೆ ಅಂಗಡಿಯಿಂದ ಗುಳಿಗೆ ತರುವುದೂ, ಪಕ್ಕದ ಮನೆಯವರು ಉಳಿಸಿದ ಗುಳಿಗೆ ನುಂಗುವುದೂ, ಜ್ವರ ಬಿಟ್ಟೊಡನೆ ವೈದ್ಯರನ್ನು ಕೇಳದೆ ಔಷಧ ನಿಲ್ಲಿಸುವುದೂ ಅಪಾಯಕರ. 2014ರಿಂದ ಭಾರತ ಸರಕಾರವು ಹಲವು ಪ್ರಮುಖ ಆಂಟಿಬಯಾಟಿಕ್‌ಗಳನ್ನು ಎಚ್-1 ಎಂಬ ವಿಶೇಷ ಪಟ್ಟಿಗೆ ಸೇರಿಸಿ, ಅವುಗಳ ಮಾರಾಟದ ದಾಖಲೆ ಇಡಬೇಕೆಂದು ಅಂಗಡಿಗಳಿಗೆ ವಿಧಿಸಿದೆ.

ಹತ್ತು ಅಡಿ ಅಗಲದ ಓಣಿಯಲ್ಲಿ ನೂರಾರು ಕುಟುಂಬಗಳು ಬಾಳುವ, ಕಿಕ್ಕಿರಿದ ಲೋಕಲ್ ಗಾಡಿಯಲ್ಲಿ ಒಬ್ಬರ ಉಸಿರನ್ನು ಇನ್ನೊಬ್ಬರು ಉಸಿರಾಡುವ ಮಹಾನಗರದಲ್ಲಿ ಒಬ್ಬನ ಮೈಯಲ್ಲಿ ಔಷಧಕ್ಕೆ ಒಗ್ಗಿದ ರೋಗಾಣು ನೂರು ಮನೆಗಳಿಗೆ ಹಬ್ಬುವುದು ಸುಲಭ. ಬೆಳ್ಳಿಯ ಕಣವೂ ಬೇವು ದಾಳಿಂಬೆಗಳ ಸಾರವೂ ಕೂಡಿ ಮುಂದೊಂದು ದಿನ ಒಳ್ಳೆಯ ಔಷಧವಾದೀತೆಂಬ ಆಶೆಗೆ ಆಧಾರಗಳಿವೆ. ಆ ದಿನ ಬರುವವರೆಗೆ, ಈಗಾಗಲೇ ಕೈಯಲ್ಲಿರುವ ಔಷಧಗಳು ಮೊಂಡಾಗದಂತೆ ಹಿತಮಿತವಾಗಿ ಬಳಸುವುದು ಪ್ರತಿಯೊಂದು ಸಂಸಾರದ ಕರ್ತವ್ಯ. ಶುದ್ಧವಾದ ನೀರು, ತೊಳೆದ ಕೈ, ವೈದ್ಯರ ಸಲಹೆ ಇವು ಅದಕ್ಕೆ ಬೇಕಾದ ಸಾಧನಗಳು. ಇವನ್ನು ಯಾವ ಪ್ರಯೋಗಶಾಲೆಯಿಂದಲೂ ತರಿಸಬೇಕಾಗಿಲ್ಲ.